ಹೊರದೇಶಕ್ಕೆ ಹೊರಟವರಿಗೆ ಸೇಫ್ಟಿ ಟ್ರೈನಿಂಗ್, ನಾನು ಮಾಡೋ ರೀತಿ

ನಮ್ಮ ಯೂನಿವರ್ಸಿಟಿಯಿಂದ ಎಕ್ಸ್‌ಚೇಂಜು, ಫೀಲ್ಡ್‌ವರ್ಕು, ಕಾನ್ಫರೆನ್ಸು ಅಂತ ಹೊರಗಡೆ ಹೋಗೋ ಸ್ಟೂಡೆಂಟ್ಸ್‌ಗೂ ಸ್ಟಾಫ್‌ಗೂ ಸೇಫ್ಟಿ ಟ್ರೈನಿಂಗ್ ಕೊಡೋದು ನನ್ನ ಕೆಲ್ಸ. ಬರೋರ ತಲೇಲಿ ಇರೋದು ಬಾಂಬು, ಕಿಡ್ನ್ಯಾಪು. ನಾನು ಶುರು ಮಾಡೋದು ಮಾತ್ರ ರಸ್ತೆಯಿಂದ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ವರ್ಷಕ್ಕೆ ಹತ್ತಿರತ್ತಿರ 12 ಲಕ್ಷ ಜನ ರಸ್ತೆ ಅಪಘಾತದಲ್ಲಿ ಸಾಯ್ತಾರೆ, 5ರಿಂದ 29 ವಯಸ್ಸಿನೋರ ಸಾವಿಗೆ ಅದೇ ಮೊದಲನೇ ಕಾರಣ, ಅಂದ್ರೆ ನನ್ನೆದುರು ಕೂತಿರೋ ಹುಡುಗ್ರು ಹುಡ್ಗೀರ ವಯಸ್ಸೇ. ಇದನ್ನ ಹೇಳಿದ ಮೇಲೆ ಕ್ಲಾಸು ಸ್ವಲ್ಪ ತೆಪ್ಪಗಾಗುತ್ತೆ.

ಆಮೇಲೆ ಇನ್ಶೂರೆನ್ಸ್ ಪಾಲಿಸಿ ಕೈಗೆ ಕೊಟ್ಟು, ಯಾವುದಕ್ಕೆ ದುಡ್ಡು ಕೊಡಲ್ಲ ಅಂತ ಬರೆದಿರೋ ಪುಟನ ಜೋರಾಗಿ ಓದಿಸ್ತೀನಿ. ಬೈಕ್ ಲೈಸೆನ್ಸ್ ಇಲ್ದೆ ಬಾಡಿಗೆ ಸ್ಕೂಟರ್ ಓಡ್ಸಿ ಬಿದ್ರೆ ಎಷ್ಟೋ ಪಾಲಿಸೀಲಿ ಕ್ಲೇಮ್ ಸಿಗಲ್ಲ, ಕುಡಿದಿದ್ರೂ ಅಷ್ಟೇ. ನಾನೇ ಹೇಳಿದ್ರೆ ಉಪದೇಶ ಅಂದ್ಕೋತಾರೆ, ಅವ್ರೇ ಓದಿದ್ರೆ ಪ್ರಶ್ನೆ ಕೇಳೋಕೆ ಶುರು ಮಾಡ್ತಾರೆ.

ಆದ್ರೆ ನನ್ನ ಟ್ರೈನಿಂಗಿನ ಜೀವ ಇರೋದು ಫೋನ್ ಪ್ರಾಕ್ಟೀಸಲ್ಲಿ. ಒಂದು ಚೀಟಿ ಕೊಡ್ತೀನಿ: ರಾತ್ರಿ ಎರಡು ಗಂಟೆ, ಗೊತ್ತಿಲ್ಲದ ಬಸ್ ಸ್ಟ್ಯಾಂಡು, ಬ್ಯಾಗ್ ಕಳ್ತನ ಆಗಿದೆ, ಪಾಸ್‌ಪೋರ್ಟು ಫೋನು ಕಾರ್ಡು ಎಲ್ಲಾ ಅದ್ರಲ್ಲೇ. ಈಗ ಯಾರಿಗೆ ಫೋನ್ ಮಾಡ್ತೀಯ? ಅವ್ರ ಫೋನನ್ನ ನಾನು ಇಸ್ಕೊಂಡಿರ್ತೀನಿ, ಹಾಗಾಗಿ ನಂಬರ್ ಬಾಯಲ್ಲೇ ಹೇಳ್ಬೇಕು, ಸುಮಾರು ಜನ ಅಮ್ಮನ ನಂಬರಿಗೇ ತಡವರಿಸ್ತಾರೆ. ಅಲ್ಲೇ ಪೇಪರ್ ಕೊಟ್ಟು ಯೂನಿವರ್ಸಿಟಿ ಎಮರ್ಜೆನ್ಸಿ ನಂಬರು, ಇನ್ಶೂರೆನ್ಸ್ ನಂಬರು, ರಾಯಭಾರ ಕಚೇರಿ, ಆ ದೇಶದ ಆಂಬುಲೆನ್ಸ್ ನಂಬರು ಬರೆಸಿ, ಬ್ಯಾಗಲ್ಲಿ ಬೇಡ, ಮೈಮೇಲಿರೋ ಬಟ್ಟೆ ಜೇಬಲ್ಲಿ ಇಡಿ ಅಂತೀನಿ. ಯುರೋಪಿಯನ್ ಯೂನಿಯನ್‌ನಲ್ಲಿ ಎಲ್ಲಾದಕ್ಕೂ 112 ಸಾಕು, ಜಪಾನಿಗೆ ಹೋದ್ರೆ ಪೊಲೀಸ್‌ಗೆ 110, ಆಂಬುಲೆನ್ಸ್‌ಗೆ 119, ಅಲ್ಲಿಗೆ ಹೋದ್ಮೇಲೆ ಹುಡುಕ್ತೀನಿ ಅನ್ನೋದು ಆಗದ ಮಾತು.

ಪ್ರೊಫೆಸರ್‌ಗಳದ್ದೇ ಕಷ್ಟ ನೋಡಿ. ಲೋಕ ಸುತ್ತಿರೋರು, ನಿಂದೇನಯ್ಯ ಅನ್ನೋ ಮುಖ ಹಾಕ್ಕೊಂಡು ಹಿಂದಿನ ಸೀಟಲ್ಲಿ ಲ್ಯಾಪ್‌ಟಾಪ್ ತೆಗೀತಾರೆ. ಅವ್ರಿಗೆ ಪ್ರಯಾಣಿಕನ ಪಾತ್ರ ಕೊಡಲ್ಲ, ಗ್ರೂಪ್ ಲೀಡರ್ ಪಾತ್ರ ಕೊಡ್ತೀನಿ: ನಿಮ್ಮ ಸ್ಟೂಡೆಂಟ್ ಐಸಿಯುನಲ್ಲಿದಾನೆ, ದುಡ್ಡಿಗೆ ಗ್ಯಾರಂಟಿ ಲೆಟರ್ ಕೊಡಿ ಅಂತ ಆಸ್ಪತ್ರೆಯೋರು ಕೇಳ್ತಿದಾರೆ, ಮನೆಯೋರಿಗೆ ಯಾರು ಹೇಳ್ತೀರಿ, ಉಳಿದ ಹುಡುಗ್ರ ಹತ್ರ ಯಾರಿರ್ತಾರೆ? ಲ್ಯಾಪ್‌ಟಾಪ್ ತಾನಾಗೇ ಮುಚ್ಚುತ್ತೆ.

ಮಾತ್ರೆ ವಿಷ್ಯ ಬಹಳ ಜನಕ್ಕೆ ಹೊಳೆಯೋದೇ ಇಲ್ಲ. ಎಡಿಎಚ್‌ಡಿಗೆ, ಅಂದ್ರೆ ಗಮನ ಒಂದ್ಕಡೆ ನಿಲ್ಲದಿರೋ ತೊಂದರೆಗೆ ಕೊಡೋ ಅಡೆರಾಲ್ ಮಾತ್ರೆ ಜಪಾನಿಗೆ ತಗೊಂಡು ಹೋಗಂಗೇ ಇಲ್ಲ, ಡಾಕ್ಟರ್ ಚೀಟಿ ಇದ್ರೂನೂ. ಯುಎಇಗೆ ಕೋಡೀನ್, ಟ್ರಮಡಾಲ್ ಥರದ ನೋವಿನ ಔಷಧಿ ಒಯ್ಯೋಕೆ ಮೊದ್ಲೇ ಅನುಮತಿ ಬೇಕು. ಗೊತ್ತಿರ್ಲಿಲ್ಲ ಅಂದ್ರೆ ಕಸ್ಟಮ್ಸ್ ಕೌಂಟರಲ್ಲಿ ಯಾರೂ ಕೇಳಲ್ಲ.

ಅರೆಸ್ಟ್ ಆದ್ರೆ ಎಂಬೆಸಿಯೋರು ಬಂದು ಬಿಡಿಸ್ಕೊಂಡು ಹೋಗ್ತಾರೆ ಅನ್ನೋ ನಂಬಿಕೆನೂ ಜಾಸ್ತಿ. ಕಾನ್ಸುಲೇಟುಗಳ ಕೆಲ್ಸದ ಬಗ್ಗೆ ದೇಶಗಳು ಮಾಡ್ಕೊಂಡಿರೋ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ ನೀವು ಕೇಳಿದ್ರೆ ಅಲ್ಲಿನ ಅಧಿಕಾರಿಗಳು ನಿಮ್ಮ ದೇಶದ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸ್ಬೇಕು, ಕಾನ್ಸುಲೇಟಿನೋರು ಬಂದು ನೋಡ್ಬೋದು, ವಕೀಲ್ರನ್ನ ಹುಡುಕೋಕೆ ಸಹಾಯ ಮಾಡ್ಬೋದು, ಅಲ್ಲಿನ ಕಾನೂನಿಂದ ತಪ್ಪಿಸೋಕಾಗಲ್ಲ. ಆ 'ಕೇಳಿದ್ರೆ'ನ ಎರಡೆರಡು ಸಲ ಹೇಳ್ತೀನಿ.

ನಾಯಿ ಕಚ್ಚಿದ್ರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಅಂತೀನಿ, ಗಾಯ ಚಿಕ್ಕದು ಅಂತ ನೋಡಂಗಿಲ್ಲ. ವಾಪಸ್ ಬಂದ ಮೇಲೂ ಒಂದ್ಸಲ ಕರೀತೀನಿ, ಅಲ್ಲಿ ಏನೇನಾಯ್ತು ಅಂತ ಕೇಳೋದಕ್ಕೆ, ಮುಂದಿನ ಬ್ಯಾಚಿಗೆ ಚೀಟಿಗಳು ಹುಟ್ಟೋದು ಅಲ್ಲಿಂದ್ಲೇ. ಮಲೇರಿಯಾ ಇರೋ ಕಡೆ ಹೋಗಿದ್ದೋರಿಗೆ ಅವತ್ತು ಇನ್ನೊಂದು ಮಾತು: ವರ್ಷದೊಳಗೆ ಜ್ವರ ಬಂದ್ರೆ ಡಾಕ್ಟರ್ ಹತ್ರ ಬಾಯಿ ಬಿಟ್ಟ ತಕ್ಷಣ ಆ ದೇಶದ ಹೆಸ್ರು ಹೇಳಿ, ಅವ್ರಾಗೇ ಕೇಳ್ಲಿ ಅಂತ ಕಾಯ್ಬೇಡಿ.