ವಿಟಮಿನ್ ಡಿ ಮಾತ್ರೆ: ವಾರಕ್ಕೊಂದಾ, ದಿನಕ್ಕೊಂದಾ, ಮೊದಲು ಚೀಟಿ ನೋಡಿ

60,000 ಐಯು (IU, ವಿಟಮಿನ್ ಅಳೆಯುವ ಮಾನ) ಕ್ಯಾಪ್ಸೂಲ್ ಕೊಟ್ಟಾಗ ಡಾಕ್ಟರ್ ಸಾಮಾನ್ಯವಾಗಿ ವಾರಕ್ಕೊಂದು ಅಂತ ಬರೆದಿರುತ್ತಾರೆ, ನಾವು ಬೇರೆ ಮಾತ್ರೆಗಳ ಜೊತೆ ಅದನ್ನೂ ದಿನಾ ನುಂಗಿಬಿಡುತ್ತೇವೆ. ನಾನೂ ಒಮ್ಮೆ ಎರಡು ದಿನ ಸತತ ತಗೊಂಡು, ಮೂರನೇ ದಿನ ಚೀಟಿ ನೋಡಿ ಬೆಚ್ಚಿಬಿದ್ದೆ. ಆವತ್ತಿಂದ ಸ್ಟ್ರಿಪ್ ಮೇಲೆ ಪೆನ್ನಲ್ಲಿ "ಭಾನುವಾರ" ಅಂತ ಬರೆದಿಡುತ್ತೇನೆ.

ಇದು ಸಿ ವಿಟಮಿನ್ ಥರ ಅಲ್ಲ. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಕೊಬ್ಬಿನಲ್ಲಿ ಸೇರಿಕೊಂಡು ಕೂರುತ್ತದೆ. ತಿಂಗಳುಗಟ್ಟಲೆ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಆಗ ವಾಕರಿಕೆ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಕೊನೆಗೆ ಕಿಡ್ನಿಗೂ ಪೆಟ್ಟು. ಬಿಸಿಲಿಂದ ಹೀಗಾಗುವುದಿಲ್ಲ, ಚರ್ಮ ತಾನೇ ತಡೆ ಹಾಕಿಕೊಳ್ಳುತ್ತದೆ. ಮಾತ್ರೆಗೆ ಆ ತಡೆ ಇಲ್ಲ, ಅಲ್ವಾ?

70 ವರ್ಷದೊಳಗಿನ ದೊಡ್ಡವರಿಗೆ ದಿನಕ್ಕೆ 600 ಐಯು, ಅದಕ್ಕಿಂತ ಹಿರಿಯರಿಗೆ 800 ಸಾಕು. ಡಾಕ್ಟರ್ ಹೇಳದೆ 4,000 ದಾಟಬೇಡಿ. ಲೇಬಲ್‌ನಲ್ಲಿ ಮೈಕ್ರೋಗ್ರಾಂ ಅಂತಿದ್ದರೆ 40ರಿಂದ ಗುಣಿಸಿ, 25 ಮೈಕ್ರೋಗ್ರಾಂ ಅಂದರೆ 1,000 ಐಯು. ಮಲ್ಟಿವಿಟಮಿನ್, ಕ್ಯಾಲ್ಸಿಯಂ ಮಾತ್ರೆಗಳಲ್ಲೂ ಡಿ ಅಡಗಿರುತ್ತದೆ, ಎಲ್ಲ ಕೂಡಿಸಿಯೇ ಲೆಕ್ಕ ಹಾಕಿ.

ಖಾಲಿ ಹೊಟ್ಟೆಯಲ್ಲಿ ಬೇಡ. ಸ್ವಲ್ಪ ಎಣ್ಣೆ ಬೆಣ್ಣೆ ಇರುವ ಊಟದ ಜೊತೆ ತಗೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ.

ಕಿಡ್ನಿಯಲ್ಲಿ ಕಲ್ಲು ಆಗಿದ್ದವರು, ಬಿಪಿಗೆ ಥಯಾಜೈಡ್ ಅಥವಾ ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರು ಸುಮ್ನೆ ಶುರು ಮಾಡಬೇಡಿ, ಕೇಳಿಯೇ ಮಾಡಿ. ಕೋರ್ಸ್ ಮುಗಿದ ಮೇಲೆ ಅದೇ ಹಳೇ ಚೀಟಿ ತೋರಿಸಿ ಮತ್ತೆ ತರಬೇಡಿ, ಮುಂದೇನು ಅಂತ ಡಾಕ್ಟರನ್ನೇ ಕೇಳಿ. ಬೇಕಾದರೆ ಅವರೇ ಮೈಯಲ್ಲಿ ಡಿ ಎಷ್ಟಿದೆ ಅಂತ ನೋಡುವ 25 ಹೈಡ್ರಾಕ್ಸಿ ವಿಟಮಿನ್ ಡಿ ರಕ್ತಪರೀಕ್ಷೆ ಬರೆದುಕೊಡುತ್ತಾರೆ.