ಒಂದೂ ಸಸಿ ನೆಡದೆ ಗುಡ್ಡ ಹಸಿರಾಯ್ತು: ನನ್ನ ಅನುಭವ

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ ನಮ್ಮದೊಂದು ಇಳಿಜಾರು ಇದೆ. ಆರೇಳು ಎಕರೆ, ಕೆಳಗೆ ಹಳ್ಳ. ಸಸಿ ನೆಡದೆ ಇಲ್ಲಿ ಗಿಡ ಎಬ್ಬಿಸ್ತೀನಿ ಅಂದಾಗ ಊರವರು ನಕ್ಕರು. ಈಗ ಅವರೇ ಹುಲ್ಲು ಕೊಯ್ಯೋಕೆ ಕೇಳಿಕೊಂಡು ಬರುತ್ತಾರೆ.

ಮೊದಲು ದುಡ್ಡಿನ ಕಥೆ. 2015ರ ಬರದ ವರ್ಷ ಬೇವು, ಹೊಂಗೆ, ಹುಣಸೆ ಅಂತ ಏಳೆಂಟು ನೂರು ಸಸಿ ಹಾಕಿದ್ದೆವು. ಗುಂಡಿ ಕೂಲಿ, ಟ್ಯಾಂಕರ್ ನೀರು, ಸಾಗಣೆ ಎಲ್ಲ ಸೇರಿ ಲಕ್ಷದ ಹತ್ತಿರ ಹೋಯ್ತು. ಮುಂದಿನ ಬೇಸಿಗೆಯ ಬಿಸಿಲಿಗೆ ಬೆರಳೆಣಿಕೆಯಷ್ಟು ಉಳಿದವು. ಆಮೇಲೆ ಬೀಜದುಂಡೆ ಎಸೆದೆವು. ಅರ್ಧ ಇರುವೆ, ಇಲಿಗಳ ಪಾಲು, ಮೊಳೆತಿದ್ದು ಆಡಿನ ಬಾಯಿಗೆ.

ನಮ್ಮ ಕಡೆ ಮಳೆಯ ಹದವೇ ತಪ್ಪಿದೆ, ಅಲ್ವಾ? ಮಿರಗ (ಮೃಗಶಿರಾ ಮಳೆ) ಒಣಗಿಸುತ್ತದೆ, ಆಮೇಲೆ ಒಂದೇ ಸಲ ಸುರಿದು ಬಿಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಇಲ್ಲಿ ನಮ್ಮ ಬೋಳು ಗುಡ್ಡದ ಕೆಂಪು ಮಣ್ಣು ಹಳ್ಳ ಸೇರಿತು. ಆದರೆ ಗುಡ್ಡ ಬೋಳಾಗಿದ್ದು ಮಳೆಯಿಂದಲ್ಲ. ಕೊಡಲಿ, ಆಡು, ಬೇಸಿಗೆಯಲ್ಲಿ ಹುಲ್ಲಿಗೆ ಹಚ್ಚುವ ಬೆಂಕಿ, ಮೂರೂ ನಮ್ಮವೇ.

ಆ ಮಳೆಯಾದ ಮೇಲೆ ಶುರು ಮಾಡಿದ್ದು ಇದು. ಇಳಿಜಾರಿನಲ್ಲಿ ಮೊಣಕಾಲೆತ್ತರದ ಪೊದೆಗಳು ಇರುತ್ತವಲ್ಲ, ಅದನ್ನು ಅಗೆದು ನೋಡಿ, ಕೆಳಗೆ ತೊಡೆ ದಪ್ಪದ ಬೇರು ಸಿಗುತ್ತದೆ. ಮುತ್ತಲ (ಮುತ್ತುಗ), ದಿಂಡಲ, ಬಾರಿ (ಬೋರೆ), ಕೆಲವು ಕಡೆ ತೇಗ, ಎಲ್ಲ ಮರಗಳೇ. ವರ್ಷವರ್ಷ ಕಡಿದು ಮೇಯಿಸಿದ್ದರಿಂದ ಮೇಲೆ ಏಳಲಾಗದೆ ಕೂತಿರುತ್ತವೆ. ಒಂದೊಂದು ಬುಡದಲ್ಲಿ ಗಟ್ಟಿ ಚಿಗುರು ಒಂದೆರಡು ಉಳಿಸಿ ಮಿಕ್ಕದ್ದು ಕತ್ತರಿಸಿದೆವು, ಉಳಿದ ಚಿಗುರಿನ ಕೆಳಗಿನ ಅರ್ಧ ಕೊಂಬೆ ಸವರಿದೆವು. ಅಷ್ಟೇ. ನೀರು ಹಾಕಲಿಲ್ಲ. ಆಫ್ರಿಕಾದ ನೈಜರ್‌ನಲ್ಲಿ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನೌಡೊ 1980ರ ದಶಕದಲ್ಲಿ ರೈತರ ಜೊತೆ ಇದನ್ನೇ ಮಾಡಿಸಿದ್ದು. ಅಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯಬಾರದು ಅಂತ ನನ್ನ ಹಟ.

ಖರ್ಚು ಎಕರೆಗೆ ಎರಡು-ಮೂರು ಸಾವಿರ ಕೂಲಿ ಬಂದಿರಬೇಕು. ಜಾಸ್ತಿ ಕೂಲಿ ತಿಂದಿದ್ದು ಬಳ್ಳಾರಿ ಜಾಲಿ ಅನ್ನೋ ಮುಳ್ಳುಗಿಡ. ಅದನ್ನು ನೆಲಮಟ್ಟಕ್ಕೆ ಕಡಿದರೆ ದುಪ್ಪಟ್ಟಾಗಿ ಚಿಗುರುತ್ತದೆ, ಹಾರೆ ಹಾಕಿ ಗೇಣುದ್ದ ಕೆಳಗಿನಿಂದ ಬೇರು ಸಮೇತ ಕಿತ್ತರೇನೇ ಸಾಯೋದು. ಕಟ್ಟಿಗೆ ಇಟ್ಟಿಗೆ ಭಟ್ಟಿಗೆ ಮಾರಿ ಅರ್ಧ ಕೂಲಿ ಹೊರಡಿಸಿಕೊಂಡೆ.

ಆಡಿನ ಕಾಟ ತಪ್ಪಿಸೋಕೆ ತಂತಿ ಬೇಲಿಯ ರೇಟ್ ಕೇಳಿ ಸುಸ್ತಾದೆ. ಕುರಿಗಾರರ ಜೊತೆ ಕೂತು ಮಾತಾಡಿ ಎರಡು ಮಳೆಗಾಲ ಆ ಕಡೆ ಬಿಡದಂತೆ ಒಪ್ಪಿಸಿದೆ. ಬದಲಿಗೆ ಏನು ಕೊಟ್ಟೆ ಅನ್ನೋದು ನಮ್ಮ ನಮ್ಮಲ್ಲೇ ಇರಲಿ. ಅಂಚಿಗೆ ಸೀತಾಫಲದ ಬೀಜ ಊರಿದ್ದೆ, ಅದರ ಎಲೆ ಆಡು ಮೂಸಿಯೂ ನೋಡಲ್ಲ. ಸಾಲು ಹಲ್ಲುದುರಿದಂತಿದೆ, ಆದರೂ ಹಣ್ಣು ಬಿಡೋಕೆ ಶುರುವಾಗಿದೆ. ನಡುವೆ ತೊಗರಿ ಬಿತ್ತಿ ನೋಡಿದೆ, ಹಂದಿಗಳು ಹಬ್ಬ ಮಾಡಿದವು.

ಮುತ್ತಲ ಈಗ ಆಳೆತ್ತರ ದಾಟಿದೆ. ದಿಂಡಲ ನಿಧಾನ. ಹಳ್ಳದ ನೀರು ಮೊದಲು ಕೆಂಪಗೆ ಹರಿಯುತ್ತಿತ್ತು, ಹೋದ ಮಳೆಗಾಲದಲ್ಲಿ ಬಣ್ಣ ತಿಳಿಯಾಗಿತ್ತು. ತೇಗ, ಗಂಧ ಇದ್ದರೆ ಕತ್ತರಿ ಹಾಕೋ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಆಮೇಲೆ ನನ್ನ ಹೆಸರು ಹೇಳಬೇಡಿ.

ಈ ಸಲ ಮಿರಗಕ್ಕೆ ಮುಂಚೆ ಪಕ್ಕದವರು ತಮ್ಮ ಗುಡ್ಡಕ್ಕೆ ಕರೆದಿದ್ದಾರೆ. ಕೂಲಿ ಅವರದೇ.