ಹಾವುಮೀನಿನ ಮರಿಗಳ ಉಸಿರಾಟದ ಲಯವನ್ನು ಬೇರೆ ಬೇರೆ ತಾಪಮಾನದಲ್ಲಿ ಅಳೆಯುವ ಬಗೆ

ಸಮುದ್ರದಿಂದ ಅಳಿವೆಗೆ ಬರುವ ಜಪಾನಿ ಹಾವುಮೀನಿನ ಮರಿ ಗಾಜಿನಂತೆ ಪಾರದರ್ಶಕವಾಗಿದ್ದು, ಅದರ ಹೃದಯ ಮಿಡಿಯುವುದು ಹೊರಗಿನಿಂದಲೇ ಕಾಣುತ್ತದೆ. ಅದರ ಚಯಾಪಚಯದ ಏರಿಳಿತವನ್ನು ತಿಳಿಯಲು ಅದು ಬಳಸುವ ಆಮ್ಲಜನಕವನ್ನು ಅಳೆಯಬೇಕು.

ಮೊದಲು ಮರಿಗಳನ್ನು ಆಯ್ದ ತಾಪಮಾನಕ್ಕೆ, ಉದಾಹರಣೆಗೆ 10, 15 ಅಥವಾ 20 ಡಿಗ್ರಿ ಸೆಲ್ಸಿಯಸ್‌ಗೆ, ನಿಧಾನವಾಗಿ ಒಗ್ಗಿಸಿ. ಒಮ್ಮೆಲೇ ಬಿಸಿ ನೀರಿಗೆ ಬಿಟ್ಟರೆ ಅಳತೆಗೆ ಸಿಗುವುದು ಲಯವಲ್ಲ, ಗಾಬರಿ. ಅಳತೆ ನಡೆಯುವಷ್ಟು ಕಾಲವೂ ಆಹಾರ ಕೊಡದೆ, ಪೂರ್ಣ ಕತ್ತಲೆಯಲ್ಲಿ, ಆಮ್ಲಜನಕ ಸಂವೇದಕವಿರುವ ಮುಚ್ಚಿದ ಕೊಳವೆಯಲ್ಲಿ ಅವನ್ನಿರಿಸಿ, ಹೊಸ ನೀರು ಆಗಾಗ ಹರಿದುಬರುವಂತೆ ಮಾಡಿ. 10 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 20 ಡಿಗ್ರಿಯಲ್ಲಿ ಸುಮಾರು 9.1 ಮಾತ್ರ, ಮರಿಯ ಬೇಡಿಕೆಯಾದರೋ ಶಾಖದೊಂದಿಗೆ ಏರುತ್ತದೆ. ಆದ್ದರಿಂದ ನೀರು ಬೆಚ್ಚಗಿದ್ದಷ್ಟೂ ಅದನ್ನು ಬೇಗ ಬದಲಿಸಬೇಕು. ಮರಿಯಿಲ್ಲದ ಇನ್ನೊಂದು ಕೊಳವೆಯನ್ನೂ ಜೊತೆಗಿಟ್ಟು, ಬ್ಯಾಕ್ಟೀರಿಯಾಗಳು ಬಳಸಿದ ಪಾಲನ್ನು ಕಳೆಯಿರಿ.

ಹಲವು ದಿನ ಬಿಡದೆ ದಾಖಲಿಸಿದ ಮೇಲೆಯೇ ಸಮುದ್ರದ ಉಬ್ಬರವಿಳಿತಕ್ಕೆ ಹೊಂದಿಕೊಂಡು ಆಮ್ಲಜನಕದ ಬಳಕೆ ಸುಮಾರು 12.4 ಗಂಟೆಗೊಮ್ಮೆ ಏರಿಳಿಯುವ ಲಯವನ್ನು ಹುಡುಕಿ. ಸರಿಯಾಗಿ 24 ಗಂಟೆಯ ಲಯ ಕಂಡರೆ ಮರಿಗಿಂತ ಮೊದಲು ಕೋಣೆಯ ಹವಾನಿಯಂತ್ರಕವನ್ನು ಅನುಮಾನಿಸುವುದು ಒಳ್ಳೆಯದು, ಏಕೆಂದರೆ ನೀರಿನಲ್ಲಿ ಅರ್ಧ ಡಿಗ್ರಿಯ ಹಗಲುರಾತ್ರಿ ವ್ಯತ್ಯಾಸವಾದರೂ ಸುಳ್ಳು ಲಯವನ್ನು ಹುಟ್ಟಿಸಬಲ್ಲದು.

ಹೋಲಿಸುವಾಗ ಸರಾಸರಿ ಬಳಕೆ, ಏರಿಳಿತದ ಎತ್ತರ, ಆವರ್ತದ ಅವಧಿ ಇವನ್ನು ಬೇರೆಬೇರೆಯಾಗಿ ನೋಡಿ. ಹತ್ತು ಡಿಗ್ರಿ ಏರಿದರೆ ಮೀನುಗಳಲ್ಲಿ ಸರಾಸರಿ ಬಳಕೆ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಲಯವನ್ನು ದೇಹದೊಳಗಿನಿಂದಲೇ ನಡೆಸುವ ಜೈವಿಕ ಗಡಿಯಾರದ ಅವಧಿ ಮಾತ್ರ ಅಷ್ಟಾಗಿ ಕದಲುವುದಿಲ್ಲ. ಅವಧಿಯೂ ಅದೇ ಪ್ರಮಾಣದಲ್ಲಿ ಕುಗ್ಗಿದಂತೆ ಕಂಡರೆ ನೀರು ಬದಲಿಸಿದ ವೇಳಾಪಟ್ಟಿಯನ್ನು ಮತ್ತೆ ಪರಿಶೀಲಿಸಿ.